ಹಳೆ ಕಸದಲ್ಲಿ ಹಳೆ ಬಾಟಲಿ: ಕಾರವಾರ, ಕುಮಟಾ, ಶಿರಸಿ ಕಡೆ ಅಗೆಯುವವರಿಗೆ

ಗುದ್ದಲಿ ಹಿಡಿಯುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು. ನೂರು ವರ್ಷದ ಹಿಂದೆ ಈ ಊರಲ್ಲಿ ಬಾಟಲಿ ಎಸೆಯುವಷ್ಟು ಅನುಕೂಲ ಯಾರಿಗಿತ್ತು?

ಇಂಗ್ಲೆಂಡ್, ಅಮೆರಿಕದಲ್ಲಿ ಹಳೆ ಬಾಟಲಿ ಅಗೆಯುವುದು ದೊಡ್ಡ ಹವ್ಯಾಸ. ಅಲ್ಲಿ ಊರಿಗೆ ಊರೇ ಕಸ ಸುರಿದ ಜಾಗಗಳಿವೆ. ಆ ಕಡೆಯ ಸಲಹೆಗಳನ್ನು ಹಾಗೇ ತಂದು ಶಿರಸಿಯ ಹಿತ್ತಲಲ್ಲಿ ಅಗೆದರೆ ಸಿಗುವುದು ಹೆಂಚಿನ ಚೂರು, ಇನ್ನೂ ಅಗೆದರೆ ಇನ್ನಷ್ಟು ಹೆಂಚಿನ ಚೂರು. ನಮ್ಮಲ್ಲಿ ಬಾಟಲಿ ಕಸವೇ ಆಗಿರಲಿಲ್ಲ. ಔಷಧಿ ಮುಗಿದರೆ ಅದರಲ್ಲಿ ಚಿಮಣಿ ಎಣ್ಣೆ ಬರುತ್ತಿತ್ತು. ಸಣ್ಣದಾದರೆ ಮುಚ್ಚಳಕ್ಕೆ ತೂತು ಹೊಡೆದು, ಬತ್ತಿ ಇಳಿಸಿ ಬುಡ್ಡಿದೀಪ ಮಾಡುತ್ತಿದ್ದರು. ಜೇನುತುಪ್ಪಕ್ಕೊಂದು, ಕೊಬ್ಬರಿ ಎಣ್ಣೆಗೊಂದು, ಕಷಾಯಕ್ಕೊಂದು. ಉಳಿದದ್ದು ಗುಜರಿಯವನಿಗೆ. ಹಾಗಾಗಿ ನಮ್ಮ ಜಿಲ್ಲೆಯಲ್ಲಿ ಮಣ್ಣಿಗೆ ಹೋದದ್ದು ಹೆಚ್ಚಾಗಿ ಎರಡು ಬಗೆಯ ಬಾಟಲಿ. ಒಂದು, ಮತ್ತೆ ಬಳಸಲು ಬಾರದ್ದು. ಇನ್ನೊಂದು, ಖಾಲಿ ಬಾಟಲಿಗೆ ಬೆಲೆಯೇ ಕಟ್ಟದ ಮನೆಯವರು ಎಸೆದದ್ದು. ಇವೆರಡರ ಜಾಡು ಹಿಡಿದರೆ ಅರ್ಧ ಕೆಲಸ ಆದಂತೆ.

ಎಲ್ಲಿ ಅಗೆಯಬೇಕು

ಬೆಲೆ ಕಟ್ಟದವರು ಅಂದರೆ ಬ್ರಿಟಿಷ್ ಅಧಿಕಾರಿಗಳು, ಬಂದರಿನ ದೊಡ್ಡ ವ್ಯಾಪಾರಿಗಳು, ಕಾಡಿನ ಬಂಗಲೆಗಳಲ್ಲಿ ಇಳಿದುಕೊಳ್ಳುತ್ತಿದ್ದ ದೊರೆಗಳು. 1862ರಲ್ಲಿ ಉತ್ತರ ಕೆನರಾ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಕಾರವಾರದಲ್ಲಿ ಕಲೆಕ್ಟರು, ಜಡ್ಜರು, ಬಂದರು ಅಧಿಕಾರಿಗಳು ನೆಲೆಯಾದರು. ಅವರಿಗೆ ಬೇಕಾದ ಸಾಮಾನು ಮುಂಬಯಿಯಿಂದ ಸಮುದ್ರದ ದಾರಿಯಲ್ಲಿ ಬರುತ್ತಿತ್ತು. ಕಾರವಾರದ ಮಣ್ಣಿನಲ್ಲಿ ಸಿಕ್ಕ ಸೋಡಾ ಬಾಟಲಿಯ ಮೇಲೆ ‘ಬಾಂಬೆ’ ಎಂಬ ಉಬ್ಬಕ್ಷರ ಕಂಡರೆ ಆಶ್ಚರ್ಯ ಬೇಡ.

ಕುಮಟಾದ ಕಥೆ ಬೇರೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ಬರುವುದು ನಿಂತಿತು. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಬಂತು. ಮಾರುಕಟ್ಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಅಂತಲೇ ಹೆಸರಿತ್ತು. ಹತ್ತಿ ವಖಾರಿಗಳಿದ್ದ ಕಡೆ ಗುಮಾಸ್ತರು ಇದ್ದರು, ಗುಮಾಸ್ತರಿದ್ದ ಕಡೆ ಶಾಯಿ ಇತ್ತು. ಕಂದು ಬಣ್ಣದ, ಉಪ್ಪಿನಕಾಯಿ ಜಾಡಿಯಂಥ ಸುಟ್ಟ ಮಣ್ಣಿನ ಪುಟ್ಟ ಶಾಯಿ ಬಾಟಲಿಗಳನ್ನು ಇಂಥ ಕಡೆ ಹುಡುಕಬೇಕು. ಘಟ್ಟದ ಮೇಲಾದರೆ ಶಾನುಭೋಗರ ಮನೆ, ಹಳೆ ಶಾಲೆಯ ಹಿಂಬದಿ.

ಇನ್ನೊಂದು ಜಾಡಿದೆ, ಇದನ್ನು ಜಾಸ್ತಿ ಜನ ಯೋಚಿಸುವುದಿಲ್ಲ. 1956ರ ನವೆಂಬರ್ 1ರವರೆಗೆ ನಾವು ಮುಂಬಯಿ ರಾಜ್ಯದಲ್ಲಿದ್ದೆವು. ಅಲ್ಲಿ 1949ರಲ್ಲಿ ಪಾನನಿಷೇಧ ಕಾಯ್ದೆ ಬಂತು. ಪಕ್ಕದ ಗೋವಾ 1961ರವರೆಗೆ ಪೋರ್ಚುಗೀಸರದು, ಅಲ್ಲಿ ಕುಡಿಯಲು ಅಡ್ಡಿಯಿಲ್ಲ. ಅಂಥ ಕಾಲದಲ್ಲಿ ಖಾಲಿ ಬಾಟಲಿಯನ್ನು ಜಗಲಿಯಲ್ಲಿ ಇಟ್ಟುಕೊಂಡು ಕೂರುವವರು ಯಾರು? ಗುಜರಿಯವನಿಗೂ ಕೊಡುವ ಹಾಗಿಲ್ಲ. ಹೂತುಬಿಡುವುದೇ ಸುಲಭ. ಇದು ನನ್ನ ಊಹೆ. ಆದರೆ ಕಾಳಿ ಹೊಳೆಯ ಆಚೀಚೆ ಅಗೆಯುವವರು ಇದನ್ನು ತಲೆಯಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಜಾಗ ಗೊತ್ತಾದ ಮೇಲೆ, ಆ ಜಾಗದಲ್ಲಿ ಎಲ್ಲಿ? ಗೊಬ್ಬರಗುಂಡಿಯಲ್ಲಿ ಹುಡುಕಬೇಡಿ. ಗೊಬ್ಬರ ಗದ್ದೆಗೆ ಹೋಗುತ್ತದೆ, ಗದ್ದೆಯಲ್ಲಿ ಬರಿಗಾಲಲ್ಲಿ ಇಳಿಯಬೇಕು. ಒಡೆದ ಗಾಜನ್ನು ಅಲ್ಲಿಗೆ ಹಾಕುವ ಹುಚ್ಚು ಯಾರೂ ಮಾಡುತ್ತಿರಲಿಲ್ಲ. ಗಾಜು ಹೋಗುತ್ತಿದ್ದದ್ದು ಯಾರೂ ಕಾಲಿಡದ ಮೂಲೆಗೆ. ಬಿದಿರು ಮೆಳೆಯ ಬುಡ, ಬೇಲಿಯಾಚೆಯ ಅಗಳ, ಧರೆಯ ಕೆಳಗೆ, ಚಿರೇಕಲ್ಲು ಕಡಿದು ಬಿಟ್ಟ ಹೊಂಡ. ಮನೆಯ ಹಿರಿಯರನ್ನು ಕೇಳುವಾಗ ‘ಹಳೆ ಬಾಟಲಿ ಎಲ್ಲಿದೆ’ ಅಂತ ಕೇಳಿದರೆ ಅಟ್ಟ ತೋರಿಸುತ್ತಾರೆ. ‘ಅಜ್ಜಿ, ನೀವು ಸಣ್ಣವರಿದ್ದಾಗ ಒಡೆದ ಗಾಜು ಎಲ್ಲಿ ಹಾಕ್ತಿದ್ರಿ?’ ಅಂತ ಕೇಳಿ. ಥಟ್ಟನೆ ಕೈ ತೋರಿಸುತ್ತಾರೆ. ಮಕ್ಕಳಾಗಿದ್ದಾಗ ‘ಅಲ್ಲಿಗೆ ಹೋಗಬೇಡ’ ಅಂತ ಬೈಸಿಕೊಂಡ ಜಾಗವನ್ನು ಯಾರೂ ಮರೆಯುವುದಿಲ್ಲ.

ಹಾಳು ಬಾವಿಗಳ ಬಗ್ಗೆ ಒಂದೇ ಮಾತು: ಇಳಿಯಬೇಡಿ. ಎಷ್ಟು ಒಳ್ಳೆಯ ಬಾಟಲಿ ಮೇಲಿಂದಲೇ ಕಂಡರೂ ಸರಿ. ಹಳೆ ಬಾವಿಯ ತಳದಲ್ಲಿ ಉಸಿರಾಡಲು ಗಾಳಿ ಇರದೇ ಹೋಗಬಹುದು. ಇಳಿದವರನ್ನು ಎತ್ತಲು ಹೋದವರೂ ಸಾಯುತ್ತಾರೆ.

ಕೇಳಿಯೇ ಅಗೆಯಿರಿ

ನಮ್ಮ ರಾಜ್ಯದಲ್ಲಿ ರಾತ್ರಿ ಹೊತ್ತು ಗುಂಡಿ ತೋಡುವವರನ್ನು ಜನ ಏನೆಂದು ತಿಳಿಯುತ್ತಾರೆ ಅಂತ ನಿಮಗೇ ಗೊತ್ತು. ನಿಧಿ ಕಳ್ಳರು. ಹಗಲಲ್ಲೇ ಅಗೆಯಿರಿ. ಜಾಗದ ಯಜಮಾನರಿಂದ ಒಂದು ಸಾಲಿನ ಒಪ್ಪಿಗೆ ಬರೆಸಿಕೊಳ್ಳಿ. ಸಿಕ್ಕಿದ್ದನ್ನು ಹೇಗೆ ಹಂಚಿಕೊಳ್ಳಬೇಕು ಅಂತ ಮೊದಲೇ ಮಾತಾಡಿ. ಅಕ್ಕಪಕ್ಕದವರಿಗೂ ಹೇಳಿಬಿಡಿ. ಅವರೂ ಬಂದು ನಿಂತು ನೋಡುತ್ತಾರೆ, ನೋಡಲಿ. ಚೌಡಿ ಕಟ್ಟೆ, ನಾಗರಕಲ್ಲು, ದೇವರಕಾಡಿನ ಹತ್ತಿರ ಗುದ್ದಲಿ ತೆಗೆಯಲೇ ಬೇಡಿ.

ಕಾನೂನಿನ ಮಾತು ಇಲ್ಲಿ ಸುಮ್ನೆ ಹೇಳುವುದಲ್ಲ. ನಮ್ಮ ಜಿಲ್ಲೆಯ ಬಹುಪಾಲು ನೆಲ ಅರಣ್ಯ. ಅಲ್ಲಿ ಅಗೆಯುವುದು ಅಪರಾಧ. ಅಡಿಕೆ ತೋಟದವರು ‘ನಮ್ಮ ಬೆಟ್ಟ’ ಅಂತ ಹೇಳಿ ಕರೆದುಕೊಂಡು ಹೋಗಬಹುದು. ಸೊಪ್ಪಿನ ಬೆಟ್ಟದಲ್ಲಿ ಅವರಿಗಿರುವುದು ಸೊಪ್ಪು, ದರಕು ತರುವ ಹಕ್ಕು. ನೆಲ ಸರ್ಕಾರದ್ದು. ಹಾಗಾಗಿ ದಾಂಡೇಲಿ, ಯಲ್ಲಾಪುರ ಕಡೆಯ ಕಾಡುಬಂಗಲೆಗಳ ಹಿಂದೆ ಏನಿದ್ದರೂ ಅದನ್ನು ಮರೆತುಬಿಡಿ. ಮಿರ್ಜಾನ್ ಕೋಟೆಯಂಥ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಜಾಗ, ಅದರಾಚೆ ಇನ್ನೂ 200 ಮೀಟರ್ ನಿರ್ಬಂಧಿತ. ಕಾರವಾರದಲ್ಲಿ ಅರಗಾ, ಬಿಣಗಾ ಕಡೆ ನೌಕಾನೆಲೆಯ ಬೇಲಿ ಕಂಡರೆ ಹಿಂದಕ್ಕೆ ತಿರುಗಿ. ಸಮುದ್ರದ ದಂಡೆಯಲ್ಲೂ ಕರಾವಳಿ ನಿಯಂತ್ರಣ ವಲಯದ ನಿಯಮಗಳಿವೆ. ಅಲೆ ತಂದು ಹಾಕಿದ ಗಾಜಿನ ಚೂರು ಹೆಕ್ಕುವುದು ಬೇರೆ, ಮರಳು ತೋಡುವುದು ಬೇರೆ.

ನಾಣ್ಯ, ಚಿನ್ನ, ವಿಗ್ರಹ ಏನಾದರೂ ಸಿಕ್ಕರೆ ಅಲ್ಲಿಗೇ ಕೆಲಸ ನಿಲ್ಲಿಸಿ. 1962ರ ಕರ್ನಾಟಕ ನಿಧಿ ಕಾಯ್ದೆಯ ಪ್ರಕಾರ ಅದನ್ನು ತಿಳಿಸಬೇಕಾದದ್ದು ಸರ್ಕಾರಕ್ಕೆ. ತಹಶೀಲ್ದಾರ್ ಕಚೇರಿಗೆ ಹೋಗಿ ಬರವಣಿಗೆಯಲ್ಲಿ ಕೊಟ್ಟು, ಸ್ವೀಕೃತಿ ತೆಗೆದುಕೊಳ್ಳಿ. ತುಕ್ಕು ಹಿಡಿದ ಗುಂಡು, ಮದ್ದಿನ ಡಬ್ಬಿ ಕಂಡರೆ ಮುಟ್ಟದೆ ಪೊಲೀಸರಿಗೆ ಹೇಳಿ.

ಯಾವಾಗ, ಯಾವ ಸಾಮಾನು

ಮಳೆಗಾಲದಲ್ಲಿ ಆಗುವುದಿಲ್ಲ, ಗುಂಡಿ ಬಾವಿಯಾಗುತ್ತದೆ. ಮಾರ್ಚ್ ನಂತರ ಜಂಬಿಟ್ಟಿಗೆ ಮಣ್ಣು ಪಿಕಾಸಿಗೂ ಬಗ್ಗುವುದಿಲ್ಲ. ದೀಪಾವಳಿಯ ಆಚೀಚೆ ಮಣ್ಣು ಹದವಾಗಿರುತ್ತದೆ. ಘಟ್ಟದ ಮೇಲೆ ಆ ಹೊತ್ತಿಗೆ ಉಂಬಳದ ಕಾಟವೂ ಇಳಿದಿರುತ್ತದೆ. ಡಿಸೆಂಬರಿನಿಂದ ಮೇ ವರೆಗೆ ಶಿರಸಿ, ಸಿದ್ದಾಪುರ, ಹೊನ್ನಾವರದ ಕಾಡಂಚಿನಲ್ಲಿ ಉಣುಗಿನ ಭಯ ಇದೆ. ಮಂಗನ ಕಾಯಿಲೆ ಹರಡುವುದು ಅದರಿಂದ. ಮಂಗ ಸತ್ತ ಸುದ್ದಿ ಬಂದ ಕಡೆ ಹೋಗಲೇಬೇಡಿ. ಬೇರೆ ಕಡೆಯಾದರೂ ಪ್ಯಾಂಟನ್ನು ಸಾಕ್ಸಿನೊಳಗೆ ತುರುಕಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೊಡುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ. ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡಿ.

ಸಾಮಾನು ಜಾಸ್ತಿ ಬೇಡ. ಗುದ್ದಲಿ, ಪಿಕಾಸಿ, ಕತ್ತಿ, ಒಂದೆರಡು ಬುಟ್ಟಿ, ಮರಳು ಜರಡಿ. ಗಾಜು ಹತ್ತಿರ ಬಂದಾಗ ಮೇಸ್ತ್ರಿಯ ಕರಣೆ, ಹಳೆ ಬಣ್ಣದ ಬ್ರಷ್. ಕೈಗೆ ದಪ್ಪ ಚರ್ಮದ ಗವಸು, ಬಟ್ಟೆಯದ್ದು ಉಪಯೋಗವಿಲ್ಲ. ಕಾಲಿಗೆ ಗಮ್ ಬೂಟು. ಧನುರ್ವಾಯುವಿನ ಇಂಜೆಕ್ಷನ್ ತೆಗೆದುಕೊಂಡು ಎಷ್ಟು ವರ್ಷವಾಯಿತು ಅಂತ ನೋಡಿಕೊಳ್ಳಿ. ಹಳೆ ಗಾಜಿನ ರಾಶಿಯ ಸಂದಿಯಲ್ಲಿ ಕೊಳಕುಮಂಡಲ ಮಲಗಿರುವುದು ಅಪರೂಪವಲ್ಲ. ಮೊದಲು ಕೋಲು ಹಾಕಿ, ಆಮೇಲೆ ಕೈ ಹಾಕಿ.

ಇವೆಲ್ಲಕ್ಕಿಂತ ಉಪಯೋಗದ್ದು ಒಂದು ಚುಚ್ಚುಸರಳು. ವೆಲ್ಡಿಂಗ್ ಅಂಗಡಿಯಲ್ಲಿ ನಾಲ್ಕು ಅಡಿಯ ನಯವಾದ ಸರಳಿಗೆ ಮೇಲೆ ಅಡ್ಡ ಹಿಡಿ ಹಾಕಿಸಿ. ತುದಿಯಲ್ಲಿ ಸರಳಿಗಿಂತ ಚೂರು ದಪ್ಪ ಗುಂಡು ಬೆಸುಗೆ ಹಾಕಿಸಿದರೆ ಒಳಗೆ ಹೋದದ್ದು ಸಲೀಸಾಗಿ ಹೊರಗೆ ಬರುತ್ತದೆ. ಅಗೆಯದ ಜಂಬಿಟ್ಟಿಗೆ ಒಂದು ಗೇಣಿಗೇ ತಡೆಯುತ್ತದೆ. ತುಂಬಿದ ಗುಂಡಿಯಾದರೆ ಸರಳು ಸಲೀಸಾಗಿ ಇಳಿಯುತ್ತದೆ. ಬೂದಿ ಸಿಕ್ಕರೆ ಕೈಗೆ ಮೆತ್ತಗೆ, ಗಾಜು ಸಿಕ್ಕರೆ ಕರಕರ ಸದ್ದು. ತುದಿಗೆ ಕಪ್ಪು ಬೂದಿ ಅಂಟಿಕೊಂಡು ಬಂದರೆ ಅಲ್ಲೇ ಅಗೆಯಿರಿ. ನಿಧಾನಕ್ಕೆ ಒತ್ತಿ, ಜೋರಾಗಿ ಚುಚ್ಚಿದರೆ ನೂರು ವರ್ಷ ಉಳಿದದ್ದು ನಿಮ್ಮ ಕೈಯಲ್ಲಿ ಒಡೆಯುತ್ತದೆ. ಕರೆಂಟಿನ ಕೇಬಲ್, ನೀರಿನ ಪೈಪು ಹೋಗಿದೆಯಾ ಅಂತ ಮೊದಲೇ ವಿಚಾರಿಸಿ.

ಗುಂಡಿಯೊಳಗೆ

ಮೊದಲು ಒಂದು ಮೀಟರ್ ಚೌಕದ ಪರೀಕ್ಷೆ ಗುಂಡಿ ಸಾಕು. ಮೇಲೆ ಪ್ಲಾಸ್ಟಿಕ್ ಇರುತ್ತದೆ, ಧೈರ್ಯಗೆಡಬೇಡಿ. ಅದರ ಕೆಳಗೆ ಬಣ್ಣ ಬದಲಾಗುತ್ತದಾ ನೋಡಿ. ತಳದವರೆಗೂ ಪ್ಲಾಸ್ಟಿಕ್ಕೇ ಇದ್ದರೆ ಮುಚ್ಚಿ ಮುಂದೆ ಹೋಗಿ.

ತುಂಬಿದ ಕಸ ಗಟ್ಟಿ ನೆಲವಲ್ಲ. ಬೂದಿ, ಹೆಂಚಿನ ಚೂರು, ಸಡಿಲ ಮಣ್ಣು, ಇವಕ್ಕೆ ಒಂದನ್ನೊಂದು ಹಿಡಿದುಕೊಳ್ಳುವ ಶಕ್ತಿಯಿಲ್ಲ. ಸೊಂಟದ ಆಳ ದಾಟಿದರೆ ಗೋಡೆಯನ್ನು ನೇರ ಬಿಡದೆ ಮೆಟ್ಟಿಲು ಮೆಟ್ಟಿಲಾಗಿ ಕಡಿಯಿರಿ. ತೆಗೆದ ಮಣ್ಣನ್ನು ಅಂಚಿನಿಂದ ಎರಡು ಮೂರು ಅಡಿ ದೂರ ಹಾಕಿ, ಅದರ ಭಾರಕ್ಕೇ ಅಂಚು ಕುಸಿಯುತ್ತದೆ. ಗೋಡೆಯೊಳಗೆ ಬಾಟಲಿಯ ತಳ ಕಂಡಿತು ಅಂತ ಅಡ್ಡಕ್ಕೆ ಬಿಲ ತೋಡುವುದಂತೂ ಬೇಡ. ಮೇಲಿನಿಂದಲೇ ಬಿಡಿಸಿಕೊಂಡು ಬನ್ನಿ. ಒಬ್ಬರೇ ಯಾವತ್ತೂ ಇಳಿಯಬೇಡಿ. ಹೆದ್ದಾರಿಗೆ, ರೈಲಿಗೆ ಕಡಿದ ಗುಡ್ಡದ ಬದಿಯಲ್ಲಿ ಹಳೆ ಕಸದ ಪದರ ಚೆನ್ನಾಗಿ ಕಾಣುತ್ತದೆ ನಿಜ. 2024ರ ಜುಲೈನಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಏನಾಯಿತು ಅಂತ ನಮಗೆ ಯಾರೂ ಹೇಳಬೇಕಾಗಿಲ್ಲ. ಅಂಥ ಬದಿಗೆ ಗುದ್ದಲಿ ತಾಗಿಸಬೇಡಿ.

ಬಾಟಲಿಯ ಭುಜ ಕಂಡ ಕೂಡಲೇ ಎಳೆಯುವ ಆಸೆ ಬರುತ್ತದೆ, ಅಲ್ವಾ? ತಡೆಯಿರಿ. ಅರ್ಧ ಮಣ್ಣಿನಲ್ಲಿರುವ ಬಾಟಲಿಯ ಕತ್ತು ಹಿಡಿದು ಎಳೆದರೆ ಕತ್ತೊಂದೇ ಕೈಗೆ ಬರುತ್ತದೆ. ಸುತ್ತಲೂ ಕರಣೆಯಿಂದ ಬಿಡಿಸಿ, ಅದಾಗಿಯೇ ಅಲ್ಲಾಡುವವರೆಗೆ ಕಾಯಿರಿ. ತೆಗೆದದ್ದನ್ನು ಬಿಸಿಲಿಗೆ ಇಡಬೇಡಿ. ತಣ್ಣಗಿನ ಒದ್ದೆ ಮಣ್ಣಿನಿಂದ ಬಂದ ಗಾಜು ಥಟ್ಟನೆ ಬಿಸಿಯಾದರೆ ಸೀಳುತ್ತದೆ. ಒದ್ದೆ ಮಣ್ಣು ಸಮೇತ ಕಾಗದ ಸುತ್ತಿ ನೆರಳಲ್ಲಿಡಿ. ಯಾವ ಪದರದಲ್ಲಿ, ಯಾವುದರ ಜೊತೆ ಸಿಕ್ಕಿತು ಅಂತ ಕಾಗದದ ಮೇಲೇ ಬರೆದು, ಮೊಬೈಲಿನಲ್ಲಿ ಒಂದು ಫೋಟೊ ತೆಗೆಯಿರಿ.

ಒಳಗೆ ದ್ರವ ಇದ್ದರೆ ಬಿರಡೆ ತೆಗೆಯಬೇಡಿ, ಮೂಸಬೇಡಿ. ಹಳೆಯ ಔಷಧಿಗಳಲ್ಲಿ, ಫಿನಾಯಿಲಿನಲ್ಲಿ, ಇಲಿಪಾಷಾಣದಲ್ಲಿ ಏನೇನೋ ಇರುತ್ತಿತ್ತು.

ವಯಸ್ಸು ಕಂಡುಹಿಡಿಯುವುದು

ಬಾಟಲಿಗಿಂತ ಮೊದಲು ಅದರ ಅಕ್ಕಪಕ್ಕ ನೋಡಿ. ನಮ್ಮ ಕರಾವಳಿಯಲ್ಲಿ ಇದಕ್ಕೆ ಒಳ್ಳೆಯ ಅಳತೆಗೋಲು ಮಂಗಳೂರು ಹೆಂಚು. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಅಂದರೆ ಆ ಹೆಂಚಿನ ಚೂರಿರುವ ಪದರ ಅದಕ್ಕಿಂತ ಹಳೆಯದಾಗಲು ಸಾಧ್ಯವಿಲ್ಲ. ಮೊದಲ ಮಹಾಯುದ್ಧದ ನಂತರ ಆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು, ಹೆಂಚಿನ ಮೇಲಿನ ಹೆಸರೂ ಬದಲಾಯಿತು. ಹೆಸರಿರುವ ಚೂರು ಸಿಕ್ಕರೆ ಎಸೆಯಬೇಡಿ, ಬಾಟಲಿಯ ಜೊತೆಗೇ ಕಟ್ಟಿಡಿ. ನಾಣ್ಯಗಳೂ ಹೀಗೇ ಹೇಳುತ್ತವೆ. ವಿಕ್ಟೋರಿಯಾ ಹೆಸರಿನ ಜೊತೆ ‘ಕ್ವೀನ್’ ಇದ್ದರೆ 1877ಕ್ಕಿಂತ ಹಿಂದಿನದು, ‘ಎಂಪ್ರೆಸ್’ ಇದ್ದರೆ ಆಮೇಲಿನದು.

ಈಗ ಬಾಟಲಿಯ ಮೈ ಸವರಿ. ಎರಡು ಬದಿಯಲ್ಲಿ ಅಚ್ಚಿನ ಗೆರೆ ಸಿಗುತ್ತದೆ. ಅದು ಕತ್ತಿನಲ್ಲೇ ನಿಂತು, ಬಾಯಿಯ ಅಂಚು ನಯವಾಗಿದ್ದರೆ ಬಾಯಿಯನ್ನು ಕೈಯಿಂದ ಮಾಡಿದ್ದಾರೆ. ಗೆರೆ ಬಾಯಿಯ ತುದಿಯವರೆಗೂ ಹೋಗಿದ್ದರೆ ಪೂರ್ತಿ ಯಂತ್ರದ ಕೆಲಸ. ಅಂಥ ಸ್ವಯಂಚಾಲಿತ ಯಂತ್ರವನ್ನು ಅಮೆರಿಕದ ಮೈಕೆಲ್ ಓವೆನ್ಸ್ ಮಾಡಿದ್ದು 1900ರ ದಶಕದ ಮೊದಲ ವರ್ಷಗಳಲ್ಲಿ. ಆದರೆ ನಮ್ಮ ದೇಶದಲ್ಲಿ ಕೈಯಿಂದ ಊದುವ ಕೆಲಸ ಆಮೇಲೂ ಬಹಳ ಕಾಲ ನಡೆಯಿತು, ಹಾಗಾಗಿ ಈ ಗುರುತೊಂದನ್ನೇ ನಂಬಿ ತಾರೀಖು ಹಾಕಬೇಡಿ. ತಳದಲ್ಲಿ ಒರಟು ಗಾಯದಂಥ ಗುರುತು ಇದ್ದರೆ ಅದು ಊದಿದ ಮೇಲೆ ಬಾಯಿ ಮಾಡುವಾಗ ಹಿಡಿದುಕೊಳ್ಳಲು ತಳಕ್ಕೆ ಅಂಟಿಸಿದ ಸರಳನ್ನು ಮುರಿದ ಜಾಗ. ಯುರೋಪಿನ ಬಾಟಲಿಯಾದರೆ 1860ರ ದಶಕಕ್ಕಿಂತ ಹಿಂದಿನದಿರಬಹುದು. ಹಲ್ಲುಹಲ್ಲಿನ ಮುಚ್ಚಳಕ್ಕೆ ಹೊಂದುವ ಬಾಯಿ 1892ರ ನಂತರದ್ದು, ಆ ಮುಚ್ಚಳಕ್ಕೆ ಪೇಟೆಂಟ್ ಸಿಕ್ಕಿದ್ದೇ ಆ ವರ್ಷ.

ಎಲ್ಲರಿಗೂ ಆಸೆ ಗೋಲಿ ಸೋಡಾ ಬಾಟಲಿಯ ಮೇಲೆ. ಇಂಗ್ಲೆಂಡಿನ ಹೈರಮ್ ಕಾಡ್ 1870ರ ದಶಕದ ಆರಂಭದಲ್ಲಿ ತಂದದ್ದು ಅದು. ಒಳಗಿನ ಗ್ಯಾಸು ಗೋಲಿಯನ್ನು ಮೇಲಕ್ಕೆ ಒತ್ತಿ ರಬ್ಬರ್ ಉಂಗುರಕ್ಕೆ ಕೂರಿಸುತ್ತದೆ. ಇಡೀ ಬಾಟಲಿ ಸಿಗುವುದು ಕಷ್ಟ, ಗೋಲಿಗಾಗಿ ಮಕ್ಕಳು ಒಡೆಯುತ್ತಿದ್ದರು. ಇನ್ನೊಂದು, ನಮ್ಮ ದೇಶದಲ್ಲಿ ಇದು ಇವತ್ತಿಗೂ ತಯಾರಾಗುತ್ತದೆ. ಗೋಲಿ ಇದೆ ಅಂದ ಮಾತ್ರಕ್ಕೆ ಹಳೆಯದಲ್ಲ. ಉಬ್ಬಕ್ಷರದಲ್ಲಿ ಯಾವ ಕಂಪನಿ, ಯಾವ ಊರು ಅಂತ ಓದಿ. ಅದಕ್ಕಿಂತ ಹಳೆಯದು ತಳವೇ ಇಲ್ಲದ, ಎರಡೂ ಕಡೆ ಚೂಪಾಗುತ್ತಾ ಹೋಗುವ ಸೋಡಾ ಬಾಟಲಿ. 1809ರಲ್ಲಿ ವಿಲಿಯಂ ಹ್ಯಾಮಿಲ್ಟನ್ ಪೇಟೆಂಟ್ ಪಡೆದ ಮಾದರಿ. ನಿಲ್ಲಿಸಲು ಆಗದ್ದರಿಂದ ಮಲಗಿಸಲೇಬೇಕು, ಮಲಗಿದರೆ ಬಿರಡೆ ಒದ್ದೆಯಾಗಿದ್ದು ಗ್ಯಾಸು ಹೋಗುವುದಿಲ್ಲ. ನಿಲ್ಲದ ಬಾಟಲಿಯಲ್ಲಿ ಚಿಮಣಿ ಎಣ್ಣೆ ಇಡುವುದು ಹೇಗೆ? ಅದಕ್ಕೇ ಅದು ಕಸಕ್ಕೆ ಹೋಯಿತು. ಮೈಮೇಲೆ ಏಣು ಏಣು ಇರುವ ಗಾಢ ನೀಲಿ ಬಾಟಲಿಯೂ ಹಾಗೇ. ಕತ್ತಲಲ್ಲಿ ಮುಟ್ಟಿದರೂ ವಿಷ ಅಂತ ತಿಳಿಯಲಿ ಅಂತ ಮಾಡಿದ್ದು. ಅದರಲ್ಲಿ ಜೇನುತುಪ್ಪ ತುಂಬುವ ಧೈರ್ಯ ಯಾವ ಮನೆಯವರಿಗಿದ್ದೀತು?

ಬಣ್ಣವಿಲ್ಲದ ಗಾಜು ತಿಳಿ ನೇರಳೆಗೆ ತಿರುಗಿದ್ದರೆ ಅದರಲ್ಲಿ ಮ್ಯಾಂಗನೀಸ್ ಇದೆ, ಬಿಸಿಲಲ್ಲಿ ಬಿದ್ದಿತ್ತು ಅಂತ ಅರ್ಥ. ಮೊದಲ ಮಹಾಯುದ್ಧದ ಕಾಲದವರೆಗೆ ಅದನ್ನು ಹೆಚ್ಚು ಬಳಸುತ್ತಿದ್ದರು.

ತೊಳೆಯುವುದು

ಮೊದಲ ದಿನ ಏನೂ ಮಾಡಬೇಡಿ, ಮನೆಯ ಬಿಸಿಗೆ ಹೊಂದಿಕೊಳ್ಳಲಿ. ಆಮೇಲೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಅಂಟುವಾಳದ ನೀರು ಮಾಡಿ ಎರಡು ದಿನ ನೆನೆಸಿಡಿ. ಮಣ್ಣು ತಾನಾಗಿ ಬಿಡುತ್ತದೆ. ಒಳಗಿನ ಕೊಳೆಗೆ ಒಂದು ಹಿಡಿ ಅಕ್ಕಿ ನುಚ್ಚು, ಸ್ವಲ್ಪ ನೀರು ಹಾಕಿ ನಿಧಾನಕ್ಕೆ ತಿರುಗಿಸಿ. ಮರಳು ಬೇಡ, ಗೀರು ಬೀಳುತ್ತದೆ. ತುಕ್ಕಿನ ಕಲೆಗೆ ಹುಣಸೆಹುಳಿ ಅಥವಾ ನಿಂಬೆರಸ ಸಾಕು. ಟಾಯ್ಲೆಟ್ ತೊಳೆಯುವ ಆಸಿಡ್ ಹತ್ತಿರ ಹೋಗಬೇಡಿ. ಕಾಗದದ ಚೀಟಿ ಉಳಿದಿದ್ದರೆ ನೀರನ್ನೇ ತಾಗಿಸಬೇಡಿ, ಒಣಗಿಸಿ ಮೆತ್ತನೆ ಬ್ರಷ್ಷಿನಿಂದ ಮಾತ್ರ ಮಣ್ಣು ತೆಗೆಯಿರಿ.

ಸಮುದ್ರದ ಹತ್ತಿರ ಸಿಕ್ಕ ಜಾಡಿ ಬಾಟಲಿಗೆ ಇನ್ನೊಂದು ಕೆಲಸವಿದೆ. ಅದರ ಮೈ ಉಪ್ಪು ಕುಡಿದಿರುತ್ತದೆ. ಹಾಗೇ ಒಣಗಿಸಿದರೆ ಉಪ್ಪು ಹರಳಾಗಿ ಮೇಲಿನ ಹೊಳಪಿನ ಪದರ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಸಿಹಿನೀರಿನಲ್ಲಿ ಮುಳುಗಿಸಿ, ದಿನಾ ನೀರು ಬದಲಿಸುತ್ತಾ ಕೆಲವು ವಾರ ಇಡಿ.

ಕೆಲವು ಗಾಜಿನ ಮೇಲೆ ಕಾಮನಬಿಲ್ಲಿನ ಬಣ್ಣ ಮೂಡಿರುತ್ತದೆ. ಕೊಳೆ ಅಂತ ಉಜ್ಜಬೇಡಿ. ಮಣ್ಣಿನ ತೇವಕ್ಕೆ ಗಾಜಿನ ಮೇಲ್ಮೈಯೇ ಸವೆದು ಆದ ಪದರ ಅದು. ಹೋದರೆ ತಿರುಗಿ ಬರುವುದಿಲ್ಲ, ಕೆಳಗೆ ಮಂಕು ಗಾಜು ಉಳಿಯುತ್ತದೆ.

ಗುಂಡಿ ಮುಚ್ಚುವುದು, ಆಮೇಲೆ

ಗುಂಡಿಯನ್ನು ತೆರೆದು ಬಿಟ್ಟು ಊಟಕ್ಕೂ ಹೋಗಬೇಡಿ, ದನ ಬೀಳುತ್ತದೆ. ಸಂಜೆಯೊಳಗೆ ಮುಚ್ಚಿ, ತುಳಿದು ಗಟ್ಟಿ ಮಾಡಿ. ಬೇಡದ ಗಾಜಿನ ಚೂರನ್ನು ಗೋಣಿಚೀಲದಲ್ಲಿ ಕಟ್ಟಿ ಒಣಕಸಕ್ಕೆ ಕೊಡಿ.

ಮಾರುವ ಯೋಚನೆ ಇದ್ದರೆ 1972ರ ಪುರಾತನ ವಸ್ತುಗಳ ಕಾಯ್ದೆ ತಿಳಿದಿರಲಿ. ನೂರು ವರ್ಷ ದಾಟಿದ ಕರಕುಶಲ ವಸ್ತು ಪುರಾತನ ವಸ್ತು ಅನ್ನಿಸಿಕೊಳ್ಳಬಹುದು. ಅಂಥದ್ದರ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ. ದುಡ್ಡಿನ ಲೆಕ್ಕದಲ್ಲಿ ಹೇಳುವುದಾದರೆ ಇದು ಲಾಭದ ಕೆಲಸವೂ ಅಲ್ಲ. ಒಂದು ದಿನದ ಆಳಿನ ಕೂಲಿ ಕೂಡ ಹುಟ್ಟುವುದು ಅನುಮಾನ.

ಅಗೆಯಲು ಜಾಗವೇ ಸಿಗದಿದ್ದರೆ ಅಟ್ಟ ಹತ್ತಿ. ಹಳೆ ಮನೆ ಕೆಡವುತ್ತಿದ್ದಾರೆ ಅಂತ ಸುದ್ದಿ ಸಿಕ್ಕರೆ, ಗುಜರಿಯವನಿಗಿಂತ ಮೊದಲು ಹೋಗಿ ಯಜಮಾನರನ್ನು ಮಾತಾಡಿಸಿ. ಮಿಲ್ಕ್ ಆಫ್ ಮ್ಯಾಗ್ನೀಷಿಯಾದ ನೀಲಿ ಬಾಟಲಿ, ಗ್ರೈಪ್ ವಾಟರಿನದು, ಅಮೃತಾಂಜನದ ಹಳೆ ಡಬ್ಬಿ, ಶಾಯಿಯ ಕುಪ್ಪಿ, ಇವೆಲ್ಲ ಒಡೆಯದೆ, ಕೆಲವು ಚೀಟಿ ಸಮೇತ ಉಳಿದಿರುವುದು ಅಲ್ಲೇ. ತೊಲೆಯ ಸಂದಿ, ಪತ್ತಾಸಿನ ಹಿಂಬದಿ ನೋಡಲು ಟಾರ್ಚ್ ಒಯ್ಯಿರಿ. ಅಟ್ಟದ ಹಲಗೆಗೆ ಗೆದ್ದಲು ಹಿಡಿದಿದೆಯಾ ಅಂತ ನೋಡಿಕೊಂಡು ಕಾಲಿಡಿ.